ನ್ಯೂಮನ್ನನ ಆತ್ಮಕಥನ: ಒಬ್ಬ ಪಾದ್ರಿಯ ಮನಸ್ಸು ಬೆಳೆದ ಬಗೆ

೧

ನಮ್ಮ ನಾಡಿನ ಓದುಬರಹ ಬಲ್ಲ ಮನೆಗಳಲ್ಲಿ ‘ಕರುಣಾಳು ಬಾ ಬೆಳಕೆ’ ಎಂಬ ಗೀತವನ್ನು ಕೇಳದವರು ವಿರಳ. ಶಾಲೆಯ ಪ್ರಾರ್ಥನೆಯಲ್ಲಿ, ಸಭೆಗಳ ಆದಿಯಲ್ಲಿ, ಹಿರಿಯರು ಕಾಲವಾದ ಮನೆಯಲ್ಲಿ ಸಹ ಅದನ್ನು ಹಾಡುವುದುಂಟು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದುಕೊಟ್ಟ ಈ ಗೀತವು ಅನುವಾದವೆಂಬುದೇ ಹಾಡುವವರಲ್ಲಿ ಅನೇಕರಿಗೆ ಮರೆತುಹೋಗಿದೆ. ಅನುವಾದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಶಸ್ತಿ ಬೇಕಾಗಿಲ್ಲ.

ಮೂಲಗೀತದ ಕರ್ತೃ ಜಾನ್ ಹೆನ್ರಿ ನ್ಯೂಮನ್. ನಾನು ಉಪಾಧ್ಯಾಯವೃತ್ತಿಯಲ್ಲಿದ್ದಷ್ಟು ಕಾಲವೂ ಮಕ್ಕಳಿಗೆ ಈ ಗೀತವನ್ನು ಹೇಳಿಕೊಡುವಾಗ, “ಇದು ಒಬ್ಬ ಕ್ಯಾಥೊಲಿಕ್ ಪಾದ್ರಿಯ ಪ್ರಾರ್ಥನೆ” ಎಂಬ ಒಂದೇ ವಾಕ್ಯದಲ್ಲಿ ಕವಿಪರಿಚಯವನ್ನು ಮುಗಿಸಿಬಿಡುತ್ತಿದ್ದೆನು. ವೃತ್ತಿಯಿಂದ ಬಿಡುವು ದೊರೆತ ಮೇಲೆ ಆತನ ಆತ್ಮಕಥನವನ್ನು ಸಾವಕಾಶವಾಗಿ ಓದಿದಾಗ ನನ್ನ ವಾಕ್ಯವು ತಪ್ಪೆಂದು ತಿಳಿದುಬಂದಿತು. ಗೀತವು ರಚಿತವಾದುದು ೧೮೩೩ನೆಯ ಇಸವಿ ಜೂನ್ ೧೬ರಂದು. ಆಗ ಕವಿಗೆ ಮೂವತ್ತೆರಡು ವರ್ಷ. ಅವನು ಪಾದ್ರಿಯೇನೋ ಹೌದು. ಆದರೆ ಇಂಗ್ಲೆಂಡಿನ ರಾಜಸಮ್ಮತ ಚರ್ಚಿನ ಪಾದ್ರಿ. ೧೫೩೪ರಲ್ಲಿ ಎಂಟನೆಯ ಹೆನ್ರಿ ದೊರೆಯು ರೋಮಿನ ಪೋಪನ ಅಧಿಕಾರವನ್ನು ತಳ್ಳಿಹಾಕಿದಂದಿನಿಂದ ಬೇರೆಯಾಗಿ ನಿಂತ ಚರ್ಚು ಅದು. ಗೀತವನ್ನು ಬರೆದಾಗ ನ್ಯೂಮನ್ನನು ರೋಮಿನ ಮತವನ್ನು ಒಪ್ಪಿದವನಲ್ಲ, ಬಲವಾಗಿ ಖಂಡಿಸುತ್ತಿದ್ದವನು. ಅವನು ಕ್ಯಾಥೊಲಿಕ್ ಮತಕ್ಕೆ ಸೇರಿದುದು ಹನ್ನೆರಡು ವರ್ಷಗಳ ತರುವಾಯ, ೧೮೪೫ರಲ್ಲಿ. ಆ ಮತದ ಯಾಜಕದೀಕ್ಷೆಯನ್ನು ಪಡೆದುದು ೧೮೪೭ರಲ್ಲಿ.

ಇಸವಿಯ ತಪ್ಪು ಅಷ್ಟು ದೊಡ್ಡದೆ ಎಂದು ವಾಚಕರು ಕೇಳಬಹುದು. ಚರಿತ್ರೆಯ ದೃಷ್ಟಿಯಿಂದ ಸಣ್ಣದಿರಬಹುದು. ಕಾವ್ಯದ ದೃಷ್ಟಿಯಿಂದ ದೊಡ್ಡದು. ಊರನ್ನು ಸೇರಿದವನು ದಾರಿಯನ್ನು ನೆನೆದು ಹಾಡುವುದೊಂದು, ದಾರಿಯ ನಡುವೆ ನಿಂತವನು ಮುಂದಿನ ಒಂದು ಹೆಜ್ಜೆಗಾಗಿ ಬೇಡುವುದು ಇನ್ನೊಂದು. ನಾನು ಮಕ್ಕಳಿಗೆ ಮೊದಲನೆಯದೆಂದು ಹೇಳಿಕೊಟ್ಟುದು ಎರಡನೆಯದಾಗಿತ್ತು. ಈ ತಪ್ಪನ್ನು ತಿದ್ದಿಕೊಳ್ಳುವ ನೆವದಿಂದಲೇ ಆ ಆತ್ಮಕಥನವನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಅರಿಕೆಮಾಡುತ್ತೇನೆ.

೨

ಗ್ರಂಥದ ಹೆಸರು ‘ಅಪೊಲೋಜಿಯ ಪ್ರೊ ವೀಟ ಸುಅ’. ಲ್ಯಾಟಿನ್ ಭಾಷೆಯ ಈ ಹೆಸರಿನಲ್ಲಿ ‘ಅಪೊಲೋಜಿಯ’ ಎಂಬುದಕ್ಕೆ ಕ್ಷಮಾಪಣೆಯೆಂಬ ಅರ್ಥವಿಲ್ಲ. ಸಮರ್ಥನೆ ಎಂಬುದೇ ಅರ್ಥ. ತನ್ನ ಬಾಳಿನ ಪರವಾಗಿ ತಾನೇ ಮಾಡಿದ ವಾದವೆಂದು ತಿಳಿಯಬೇಕು.

ಗ್ರಂಥವು ಹುಟ್ಟಿದ ಸಂದರ್ಭವನ್ನು ತಿಳಿಯದೆ ಅದರ ಗುಣವನ್ನು ತಿಳಿಯುವುದು ಸಾಧ್ಯವಿಲ್ಲ. ೧೮೬೪ನೆಯ ಇಸವಿ ಜನವರಿಯಲ್ಲಿ ‘ಮ್ಯಾಕ್‌ಮಿಲನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಒಂದು ಪುಸ್ತಕವಿಮರ್ಶೆ ಪ್ರಕಟವಾಯಿತು. ಬರೆದವನು ಚಾರ್ಲ್ಸ್ ಕಿಂಗ್ಸ್ಲಿ. ಕಾದಂಬರಿಕಾರನೆಂದು ಆಗಲೇ ಹೆಸರಾದವನು. ಸತ್ಯವನ್ನು ಸತ್ಯಕ್ಕಾಗಿಯೇ ಆದರಿಸುವ ಗುಣವು ರೋಮಿನ ಪಾದ್ರಿಗಳಲ್ಲಿ ಎಂದೂ ಇದ್ದುದಿಲ್ಲವೆಂದೂ, ಅದು ಇರಬೇಕಾಗಿಯೂ ಇಲ್ಲವೆಂದು ನ್ಯೂಮನ್ನನೇ ಹೇಳುತ್ತಾನೆಂದೂ ಅವನು ದಾರಿಯಲ್ಲಿ ಹೋಗುವಾಗ ಕಲ್ಲೆಸೆದಂತೆ ಬರೆದುಬಿಟ್ಟನು. ನ್ಯೂಮನ್ನನು ಹಾಗೆ ಎಲ್ಲಿ ಹೇಳಿದ್ದೇನೆ ತೋರಿಸಿರಿ ಎಂದು ಕೇಳಿದನು. ತೃಪ್ತಿಕರವಾದ ಉತ್ತರ ಬರಲಿಲ್ಲ. ಬದಲಾಗಿ ಆಪಾದನೆಯನ್ನು ಇನ್ನಷ್ಟು ಬೆಳೆಸಿದ ಒಂದು ಕಿರುಹೊತ್ತಗೆ ಬಂದಿತು.

ಆಪಾದನೆಯ ಒಳತಿರುಳು ಇಷ್ಟು: ಈ ಮನುಷ್ಯನು ಇಂಗ್ಲೆಂಡಿನ ಚರ್ಚಿನ ಅನ್ನವನ್ನುಣ್ಣುತ್ತಿದ್ದಾಗಲೇ ಒಳಗೊಳಗೆ ರೋಮಿನವನಾಗಿದ್ದನು, ಮೊದಲೇ ಮಾರಿಕೊಂಡ ಮನಸ್ಸನ್ನು ಮರೆಮಾಚಿಕೊಂಡು ಶಿಷ್ಯರನ್ನು ಹಳ್ಳಕ್ಕೆ ನಡೆಸಿದನು. ಇದಕ್ಕೆ ತರ್ಕದಿಂದ ಉತ್ತರ ಹೇಳುವುದು ಕಷ್ಟ. ಮಾತನ್ನು ಅಲ್ಲಗಳೆಯಬಹುದು, ತನ್ನ ಅಂತಃಕರಣವು ಶುದ್ಧವಾಗಿತ್ತೆಂಬುದನ್ನು ಯಾವ ಪ್ರಮಾಣದಿಂದ ತೋರಿಸುವುದು? ಪ್ರತ್ಯಕ್ಷಕ್ಕೆ ಅದು ಗೋಚರವಲ್ಲ, ಅನುಮಾನಕ್ಕೆ ಹೇತುವಿಲ್ಲ. ಶಬ್ದಪ್ರಮಾಣವೆಂದರೆ ಆಪ್ತನ ಮಾತಾಗಬೇಕು, ಇಲ್ಲಿಯೋ ಆಪ್ತತ್ವವೇ ಸಂದೇಹಕ್ಕೆ ಈಡಾಗಿರುವುದು. ನ್ಯೂಮನ್ನನು ಕಂಡುಕೊಂಡ ಮಾರ್ಗವು ಒಂದೇ. ತನ್ನ ಅಭಿಪ್ರಾಯಗಳು ಎಲ್ಲಿ, ಯಾರಿಂದ, ಯಾವ ಇಸವಿಯಲ್ಲಿ ಹುಟ್ಟಿದುವು, ಹೇಗೆ ಬದಲಾದುವು ಎಂಬುದನ್ನು ಬಾಲ್ಯದಿಂದ ಹಿಡಿದು ಕ್ರಮವಾಗಿ ಹೇಳಿಬಿಡುವುದು. ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ೧೮೬೪ರ ಏಪ್ರಿಲ್ ೨೧ರಿಂದ ವಾರಕ್ಕೊಂದು ಭಾಗದಂತೆ ಅದು ಅಚ್ಚಾಯಿತು. ಅವನಿಗೆ ಆಗ ಅರುವತ್ತಮೂರು ವರ್ಷ. ಹಳೆಯ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು, ಹಗಲುರಾತ್ರಿಯೆನ್ನದೆ, ಎಷ್ಟೋ ವೇಳೆ ಕಣ್ಣೀರು ಸುರಿಸುತ್ತ ಬರೆದನೆಂದು ತಿಳಿದುಬರುತ್ತದೆ.

ಮರುವರ್ಷದ ಮುದ್ರಣದಲ್ಲಿ ಅವನು ಕಿಂಗ್ಸ್ಲಿಯೊಡನೆ ನಡೆದ ಜಗಳದ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಿದನು. ಕ್ಷೇಮೇಂದ್ರನು ಹೇಳುವ ಔಚಿತ್ಯಕ್ಕೆ ಇದು ಒಳ್ಳೆಯ ನಿದರ್ಶನ. ರೌದ್ರದಿಂದ ಆರಂಭವಾದ ಬರಹವು ಶಾಂತದಲ್ಲಿ ನೆಲೆಗೊಂಡುದನ್ನು ಕಂಡುಕೊಂಡು, ರೌದ್ರದ ಅವಶೇಷವನ್ನು ಕರ್ತೃವೇ ಒರಸಿದನು. ಗೆದ್ದ ವಾದವನ್ನು ಪುಸ್ತಕದಿಂದ ತೆಗೆದುಹಾಕುವ ಪಂಡಿತರನ್ನು ನಾನು ಹೆಚ್ಚಾಗಿ ಕಂಡಿಲ್ಲ.

೩

ನ್ಯೂಮನ್ನನು ಹುಟ್ಟಿದುದು ೧೮೦೧ರ ಫೆಬ್ರವರಿ ೨೧ರಂದು, ಲಂಡನ್ ನಗರದಲ್ಲಿ. ತಂದೆ ಲೇವಾದೇವಿಯ ಬ್ಯಾಂಕೊಂದರ ಪಾಲುಗಾರ. ತಾಯಿ ಫ್ರಾನ್ಸಿನಿಂದ ಬಂದು ನೆಲಸಿದ ಪ್ರಾಟೆಸ್ಟಂಟ್ ವಂಶದವಳು. ಆರು ಮಂದಿ ಮಕ್ಕಳಲ್ಲಿ ಇವನೇ ಹಿರಿಯನು. ಏಳನೆಯ ವಯಸ್ಸಿನಲ್ಲಿ ಈಲಿಂಗ್ ಎಂಬಲ್ಲಿಯ ಶಾಲೆಗೆ ಹೋಗಿ ಎಂಟು ವರ್ಷಗಳಿಗಿಂತ ಹೆಚ್ಚಾಗಿ ಅಲ್ಲಿದ್ದನು.

ಆತ್ಮಕಥನದ ಆದಿಭಾಗದಲ್ಲಿ ಹೇಳಿರುವ ಬಾಲ್ಯದ ಸಂಗತಿಗಳು ಕೆಲವೇ. ಆದರೆ ಒಂದೊಂದೂ ಆರಿಸಿ ತೆಗೆದುದು. ಅರಬ್ಬೀ ಕಥೆಗಳು ನಿಜವಾಗಿದ್ದರೆ ಎಷ್ಟು ಚೆನ್ನು ಎಂದು ಅವನು ಹಂಬಲಿಸುತ್ತಿದ್ದನಂತೆ. ಈ ಬಾಳೆಲ್ಲ ಒಂದು ಕನಸೋ, ತಾನು ದೇವದೂತನೋ, ಕಾಣುವ ಜಗತ್ತು ಬರಿಯ ತೋರಿಕೆಯೋ ಎಂದು ಚಿಂತಿಸುತ್ತಿದ್ದನಂತೆ. ನಮ್ಮಲ್ಲಿ ವೇದಾಂತಪಾಠಕ್ಕೆ ಕುಳಿತ ವಟುಗಳಿಗೆ ಗುರುವು ತಿಂಗಳುಗಟ್ಟಲೆ ಹೇಳಿದರೂ ಹತ್ತದ ಈ ಶಂಕೆಯು ಲಂಡನ್ನಿನ ವ್ಯಾಪಾರಿಯ ಮಗನಿಗೆ ಯಾರೂ ಹೇಳದೆ ಹುಟ್ಟಿದುದು ಆಶ್ಚರ್ಯ. ಕತ್ತಲೆಯ ಕೋಣೆಗೆ ಹೋಗುವಾಗ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದನು. ಆ ಅಭ್ಯಾಸವು ಎಲ್ಲಿಂದ ಬಂತೆಂದು ಮುಂದೆ ಅವನಿಗೇ ತಿಳಿಯದು. ಹತ್ತು ವರ್ಷ ತುಂಬುವ ಮುಂಚೆ ಲ್ಯಾಟಿನ್ ಪದ್ಯರಚನೆಗೆಂದು ಇಟ್ಟುಕೊಂಡಿದ್ದ ಪುಸ್ತಕವನ್ನು ಎಷ್ಟೋ ಕಾಲದ ಮೇಲೆ ತೆಗೆದು ನೋಡಿದಾಗ, ಮೊದಲ ಪುಟದಲ್ಲಿ ಒಂದು ಶಿಲುಬೆಯೂ ಜಪಮಾಲೆಯಂತಹ ಒಂದು ಚಿತ್ರವೂ ತನ್ನ ಕೈಯಿಂದಲೇ ಬರೆದುವು ಕಂಡುಬಂದು ಅವನ ಉಸಿರು ನಿಂತಂತಾಯಿತು. ಕ್ಯಾಥೊಲಿಕರ ಬಳಕೆ ಆ ಮನೆಯಲ್ಲಿ ಇರಲಿಲ್ಲ.

ಇಲ್ಲಿ ವಿಮರ್ಶಕನು ಎಚ್ಚರದಿಂದಿರಬೇಕು. ಭಕ್ತನಾದ ಚರಿತ್ರಕಾರನಾಗಿದ್ದರೆ ಇದನ್ನು ಪೂರ್ವಜನ್ಮದ ಸುಕೃತವೆಂದೋ ಭವಿಷ್ಯದ ಸೂಚನೆಯೆಂದೋ ಕೊಂಡಾಡುತ್ತಿದ್ದನು. ನ್ಯೂಮನ್ನನು ಹಾಗೆ ಮಾಡುವುದಿಲ್ಲ. ಯಾವುದೋ ಕಥೆಪುಸ್ತಕದಲ್ಲಿಯೋ ಚಿತ್ರದಲ್ಲಿಯೋ ನೋಡಿದ್ದಿರಬೇಕೆಂದು ಊಹಿಸಿ ಮುಂದೆ ಹೋಗುತ್ತಾನೆ. ಅದೇ ಉಸಿರಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಬೈಬಲ್ಲನ್ನು ಖಂಡಿಸುವ ಟಾಮಸ್ ಪೇನನ ಬರಹಗಳನ್ನು ಓದಿ ಅವುಗಳಲ್ಲಿಯ ಆಕ್ಷೇಪಗಳಿಂದ ಸಂತೋಷಪಟ್ಟುದನ್ನೂ ಹೇಳಿಬಿಡುತ್ತಾನೆ. ತನಗೆ ಅನುಕೂಲವಾದ ಶಕುನವನ್ನೂ ಪ್ರತಿಕೂಲವಾದ ಸಾಕ್ಷ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ರೀತಿಯಿಂದ ಆಪ್ತತ್ವವು ತಾನಾಗಿ ಸಿದ್ಧಿಸುತ್ತದೆ.

೧೮೧೬ರ ಶರತ್ಕಾಲವು ಅವನ ಬಾಳಿನಲ್ಲಿ ಮೊದಲನೆಯ ತಿರುವು. ವಾಲ್ಟರ್ ಮೇಯರ್ಸ್ ಎಂಬ ಉಪಾಧ್ಯಾಯನು ಕೊಟ್ಟ ಗ್ರಂಥಗಳಿಂದಲೂ ಆತನ ಸಂಭಾಷಣೆಯಿಂದಲೂ ಹದಿನೈದರ ಬಾಲಕನಲ್ಲಿ ದೃಢವಾದ ದೈವಶ್ರದ್ಧೆ ಮೂಡಿತು. ಸಂದೇಹಕ್ಕೆ ಆಸ್ಪದವಿಲ್ಲದೆ ಸ್ವಯಂಪ್ರಕಾಶವಾಗಿರುವ ವಸ್ತುಗಳು ಎರಡೇ, ತಾನು ಮತ್ತು ತನ್ನ ಸೃಷ್ಟಿಕರ್ತ, ಎಂಬ ಭಾವವು ಅಂದು ನೆಲೆನಿಂತುದು ಕಡೆಯವರೆಗೂ ಅಲುಗಲಿಲ್ಲ. ಅವಿವಾಹಿತನಾಗಿ ಬಾಳಬೇಕೆಂಬುದೇ ದೈವಸಂಕಲ್ಪವೆಂಬ ಎಣಿಕೆಯೂ ಅದೇ ಕಾಲದಲ್ಲಿ ಹುಟ್ಟಿತು. ಇಂಗ್ಲೆಂಡಿನ ಚರ್ಚಿನ ಪಾದ್ರಿಗಳಿಗೆ ವಿವಾಹವು ನಿಷಿದ್ಧವಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅದೇ ವರ್ಷ ಓದಿದ ಇನ್ನೊಂದು ಗ್ರಂಥವು ಬೇರೊಂದು ಫಲವನ್ನು ಕೊಟ್ಟಿತು. ಪೋಪನೇ ಬೈಬಲ್ಲಿನಲ್ಲಿ ಹೇಳಿರುವ ಕ್ರಿಸ್ತವಿರೋಧಿಯೆಂದು ಆ ಗ್ರಂಥದ ಮತ. ಆ ಭಾವನೆಯು ತನ್ನ ಬುದ್ಧಿಯಿಂದ ಬೇಗನೆ ಅಳಿಸಿಹೋದರೂ ಕಲ್ಪನೆಯಲ್ಲಿ ೧೮೪೩ರವರೆಗೂ ಕಲೆಯಾಗಿ ಉಳಿದಿತ್ತೆಂದು ಅವನು ಒಪ್ಪಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ಇದು ಗ್ರಂಥದಲ್ಲೆಲ್ಲ ಅಮೂಲ್ಯವಾದ ಮಾತು. ನಮ್ಮ ಶಾಸ್ತ್ರಕಾರರು ‘ವಾಸನೆ’ ಎನ್ನುವುದು ಇದನ್ನೇ. ಹಿಂಗಿನ ಡಬ್ಬಿಯನ್ನು ತೊಳೆದು ಬಿಸಿಲಿಗಿಟ್ಟರೂ ನಾತ ಹೋಗದು. ಬುದ್ಧಿಯು ಬಿಟ್ಟುದನ್ನು ಮನಸ್ಸು ಬಿಡಲು ಇಪ್ಪತ್ತೇಳು ವರ್ಷ ಹಿಡಿಯಿತು. ಬಾಲಕರ ಕೈಗೆ ಪುಸ್ತಕ ಕೊಡುವ ನಮ್ಮಂಥವರು ನೆನೆದು ನಡುಗತಕ್ಕ ಲೆಕ್ಕವಿದು.

೪

೧೮೧೭ರಲ್ಲಿ ನ್ಯೂಮನ್ನನು ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ವಾಸಕ್ಕೆ ಬಂದನು. ೧೮೨೦ರ ಪದವೀಪರೀಕ್ಷೆಯಲ್ಲಿ ಅತಿಶ್ರಮದಿಂದ ಬಳಲಿ ನಿರೀಕ್ಷಿಸಿದ ಸ್ಥಾನವನ್ನು ಕಳೆದುಕೊಂಡರೂ, ೧೮೨೨ರಲ್ಲಿ ಓರಿಯಲ್ ಕಾಲೇಜಿನ ಫೆಲೋ ಆಗಿ ಆಯ್ಕೆಯಾದನು. ೧೮೨೫ರಲ್ಲಿ ಇಂಗ್ಲೆಂಡಿನ ಚರ್ಚಿನ ಪೂರ್ಣ ಯಾಜಕನಾದನು; ೧೮೨೮ರಲ್ಲಿ ವಿಶ್ವವಿದ್ಯಾನಿಲಯದ ಸೇಂಟ್ ಮೇರಿ ಚರ್ಚಿನ ಅಧಿಕಾರ ದೊರೆಯಿತು.

ಈ ವರ್ಷಗಳನ್ನು ಹೇಳುವ ಭಾಗವೇ ಗ್ರಂಥದ ಜೀವಾಳ. ಮಾಮೂಲು ಆತ್ಮಕಥೆಗಾರರು ಇಲ್ಲಿ ತಮ್ಮ ಪದವಿಗಳ ಪಟ್ಟಿ ಕೊಡುತ್ತಾರೆ. ನ್ಯೂಮನ್ನನು ಕೊಡುವುದು ಸಾಲದ ಪಟ್ಟಿ. ಮಾತುಗಳನ್ನು ತೂಗಿ ಆಡುವುದನ್ನು ಕಲಿಸಿದವನು ಹಾಕಿನ್ಸ್. ಚರ್ಚಿನ ಅಧಿಕಾರವು ಕ್ರಿಸ್ತನ ಮೊದಲ ಶಿಷ್ಯರಿಂದ ಪರಂಪರೆಯಾಗಿ ಇಳಿದು ಬಂದಿದೆಯೆಂಬ ತತ್ತ್ವವನ್ನು ತಿಳಿಸಿದವನು ಇನ್ನೊಬ್ಬ ಫೆಲೋ ಜೇಮ್ಸ್. ಅದೂ ಹುಲ್ಲುಗಾವಲಿನ ಸುತ್ತ ಒಂದು ದಿನ ತಿರುಗಾಡುವಾಗ. ಅಂಜುಬುರುಕನಾಗಿದ್ದ ತನ್ನನ್ನು ಕೈಹಿಡಿದು ಸ್ವಂತ ಬುದ್ಧಿಯಿಂದ ಯೋಚಿಸುವುದನ್ನು ಕಲಿಸಿದವನು ವೇಟ್ಲಿ. ಕೀಬಲನ ಭಕ್ತಿಗೀತಗಳ ಸಂಗ್ರಹವು ೧೮೨೭ರಲ್ಲಿ ಹೊರಬಂದು, ಕಾಣುವ ವಸ್ತುಗಳೆಲ್ಲ ಕಾಣದ ವಸ್ತುಗಳ ಸಂಕೇತಗಳೆಂಬ ದೃಷ್ಟಿಯನ್ನು ಕೊಟ್ಟಿತು. ಆ ಕೀಬಲನೊಡನೆ ತನ್ನನ್ನು ಸೇರಿಸಿದವನು ಹರಲ್ ಫ್ರೂಡ್. ರೋಮಿನ ಚರ್ಚನ್ನು ಬಹಿರಂಗವಾಗಿ ಮೆಚ್ಚುತ್ತಿದ್ದ ಈ ತರುಣನು ನ್ಯೂಮನ್ನನ ಪೂರ್ವಗ್ರಹದ ಗೋಡೆಯಲ್ಲಿ ಮೊದಲ ಬಿರುಕು ಬಿಡಿಸಿದವನು.

ವೇಟ್ಲಿಯ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ೧೮೨೯ರಲ್ಲಿ ರಾಜಕೀಯ ಸಂಬಂಧವಾದ ಒಂದು ಚುನಾವಣೆಯಲ್ಲಿ ಶಿಷ್ಯನು ಗುರುವಿನ ಎದುರುಪಕ್ಷದಲ್ಲಿ ನಿಂತನು. ಆ ಬಳಿಕ ಇಬ್ಬರ ದಾರಿಗಳೂ ಬೇರೆಯಾದುವು. ವೇಟ್ಲಿಯು ಡಬ್ಲಿನ್ನಿನ ಆರ್ಚ್‌ಬಿಷಪ್ಪನಾದನು. ಮೂವತ್ತೈದು ವರ್ಷಗಳ ಮೇಲೆ ಬರೆಯುತ್ತಿರುವ ನ್ಯೂಮನ್ನನ ಅಭಿಪ್ರಾಯದ ಸಾರವು ಇದು: ಆತನು ನನಗೆ ನನ್ನ ಕಣ್ಣಿನಿಂದ ನೋಡುವುದನ್ನೂ ನನ್ನ ಕಾಲಿನಿಂದ ನಡೆಯುವುದನ್ನೂ ಕಲಿಸಿದನು, ಅಷ್ಟು ಮಾಡಿದ ಮೇಲೆ ಆತನ ಕೆಲಸ ಮುಗಿಯಿತು. ಇದರಲ್ಲಿ ವ್ಯಂಗ್ಯವೂ ಇಲ್ಲ, ತಿರಸ್ಕಾರವೂ ಇಲ್ಲ. ಶಿಷ್ಯನಿಂದ ಬರುವ ಸೋಲನ್ನು ಗುರುವಾದವನು ಬಯಸಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹೇಳುವುದು ಸುಲಭ. ನನ್ನ ಪಾಠವನ್ನೇ ನನಗೆ ಎದುರಾಗಿ ಹಿಡಿದ ಶಿಷ್ಯನೊಬ್ಬನ ಮೇಲೆ ನಾನು ಎರಡು ವರ್ಷ ಮುನಿದಿದ್ದುದುಂಟು. ಈ ಪುಟಗಳನ್ನು ಓದಿದಾಗ ಆ ಮುನಿಸು ಎಷ್ಟು ಅಲ್ಪವೆಂದು ನಾಚಿಕೆಯಾಯಿತು.

ಫ್ರೂಡನು ಕ್ಷಯರೋಗದಿಂದ ೧೮೩೬ರಲ್ಲಿ ಕಾಲವಾದನು. ನೆನಪಿಗಾಗಿ ಆತನ ಪುಸ್ತಕಗಳಲ್ಲೊಂದನ್ನು ಆರಿಸಿಕೊಳ್ಳೆಂದಾಗ, ನ್ಯೂಮನ್ನನು ಬಿಷಪ್ ಬಟ್ಲರನ ‘ಅನಾಲಜಿ’ ಎಂಬ ಗ್ರಂಥವನ್ನು ಕೇಳಿದನು. ಅದನ್ನು ಬೇರೊಬ್ಬರು ಆಗಲೇ ಒಯ್ದಿದ್ದರು. ಯಾವುದನ್ನು ತೆಗೆದುಕೊಳ್ಳುವುದೆಂದು ತಿಳಿಯದೆ ನಿಂತಿರಲು, ಪಕ್ಕದಲ್ಲಿದ್ದ ಸ್ನೇಹಿತನು ಕೈತೋರಿದುದು ರೋಮಿನ ಪಾದ್ರಿಗಳು ನಿತ್ಯವೂ ಪಾರಾಯಣ ಮಾಡುವ ಪ್ರಾರ್ಥನಾಗ್ರಂಥ. ಅದನ್ನೇ ಕೊಂಡೊಯ್ದನು, ಅಂದಿನಿಂದ ಅದು ಅವನ ಮೇಜಿನ ಮೇಲಿದ್ದಿತು. ತರ್ಕಗ್ರಂಥವನ್ನು ಬೇಡಿದವನ ಕೈಗೆ ಜಪಗ್ರಂಥ ಸಿಕ್ಕಿತು. ಕಾದಂಬರಿಕಾರನು ಕಟ್ಟಿದ್ದರೆ ಕೃತಕವೆನ್ನಬಹುದಾಗಿದ್ದ ಈ ಪ್ರಸಂಗವನ್ನು ಅವನು ಯಾವ ಒತ್ತೂ ಕೊಡದೆ ಹೇಳುತ್ತಾನೆ.

೫

ಇನ್ನು ನಮ್ಮ ಗೀತದ ಸಂದರ್ಭ. ೧೮೩೨ರ ಡಿಸೆಂಬರಿನಲ್ಲಿ ನ್ಯೂಮನ್ನನು ಫ್ರೂಡನೊಡನೆಯೂ ಆತನ ತಂದೆಯೊಡನೆಯೂ ಮೆಡಿಟರೇನಿಯನ್ ಸಮುದ್ರದ ಕಡೆಗೆ ಪ್ರವಾಸ ಹೊರಟನು. ಅವರು ಹಿಂದಿರುಗಿದರೂ ಇವನು ಒಬ್ಬನೇ ಸಿಸಿಲಿ ದ್ವೀಪಕ್ಕೆ ಮರಳಿ ಹೋಗಿ, ಒಳನಾಡಿನಲ್ಲಿ ವಿಷಮಜ್ವರಕ್ಕೆ ಸಿಕ್ಕಿದನು. ಜೊತೆಯಲ್ಲಿದ್ದ ಸೇವಕನು ಕಡೆಯ ಮಾತೇನೆಂದು ಕೇಳಿದನು. ತಾನು ಸಾಯುವುದಿಲ್ಲ, ಬೆಳಕಿಗೆ ತಾನು ದ್ರೋಹ ಮಾಡಿಲ್ಲ ಎಂದು ರೋಗಿಯು ಹೇಳಿದನಂತೆ. ಗುಣವಾದ ಮೇಲೆ ಹಾಸಿಗೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತನು. ಕೇಳಿದರೆ, ಇಂಗ್ಲೆಂಡಿನಲ್ಲಿ ತನಗೊಂದು ಕೆಲಸವಿದೆಯೆಂದನು. ಯಾವ ಕೆಲಸವೆಂದು ಅವನಿಗೂ ತಿಳಿಯದು. ಪಲೆರ್ಮೊ ರೇವಿನಲ್ಲಿ ಹಡಗಿಗಾಗಿ ಮೂರು ವಾರ ಕಾದು, ಕಡೆಗೆ ಕಿತ್ತಳೆಹಣ್ಣು ಸಾಗಿಸುವ ದೋಣಿಯೊಂದನ್ನೇರಿದನು. ಬೊನಿಫಾಚೊ ಜಲಸಂಧಿಯಲ್ಲಿ ಗಾಳಿ ನಿಂತುಹೋಗಿ ದೋಣಿಯು ಒಂದು ವಾರ ಕದಲಲಿಲ್ಲ. ಗೀತವು ಹುಟ್ಟಿದುದು ಅಲ್ಲಿ.

ಬಿರುಗಾಳಿಯಲ್ಲಿ ಬರೆದ ಪ್ರಾರ್ಥನೆ ಇದಲ್ಲವೆಂಬುದನ್ನು ಗಮನಿಸಬೇಕು. ಗಾಳಿಯೇ ಇಲ್ಲದ ಸಮುದ್ರದಲ್ಲಿ, ಮುಂದೆ ಹೋಗಲಾರದೆ ಹಿಂದೆ ಬರಲಾರದೆ ಬರೆದುದು. ದೂರದ ನೋಟ ಬೇಡ, ಒಂದು ಹೆಜ್ಜೆ ಸಾಕೆಂಬ ಅದರ ಭಾವಕ್ಕೆ ಈ ಸನ್ನಿವೇಶವೇ ತಕ್ಕ ಆಲಂಬನ. ಇಂಗ್ಲಿಷಿನಲ್ಲಿ ಕವಿಯಿಟ್ಟ ತಲೆಬರಹವು ‘ಮೇಘಸ್ತಂಭ’ ಎಂಬರ್ಥದ್ದು. ಮರುಭೂಮಿಯಲ್ಲಿ ಇಸ್ರಾಯೇಲರ ಮುಂದೆ ದೇವರು ಹಗಲು ಮೇಘದ ಕಂಬವಾಗಿ, ಇರುಳು ಬೆಂಕಿಯ ಕಂಬವಾಗಿ ನಡೆದನೆಂಬ ಬೈಬಲ್ಲಿನ ಕಥೆ ಅದರ ಹಿಂದಿದೆ. ಆದರೆ ಗೀತದೊಳಗೆ ಕ್ರಿಸ್ತನ ಹೆಸರಾಗಲಿ ದೇವರೆಂಬ ಮಾತಾಗಲಿ ಇಲ್ಲ. ಆದುದರಿಂದಲೇ ಗಾಂಧೀಜಿಯವರ ಆಶ್ರಮದಲ್ಲಿಯೂ ನಮ್ಮ ಊರಿನ ಶಾಲೆಗಳಲ್ಲಿಯೂ ಅದು ಯಾರಿಗೂ ಪರಕೀಯವೆನಿಸಲಿಲ್ಲ. ೧೮೭೯ರಲ್ಲಿ ಯಾರೋ ಅದರ ಕೊನೆಯ ಪಂಕ್ತಿಗಳ ಅರ್ಥವೇನೆಂದು ಕೇಳಿದಾಗ, ಸುಮಾರು ಐವತ್ತು ವರ್ಷಗಳ ಹಿಂದಿನ ಮನಃಸ್ಥಿತಿಗೆ ಈಗ ಉತ್ತರ ಹೇಳಲು ತಾನು ಬದ್ಧನಲ್ಲವೆಂದು ಮುದುಕನಾದ ಕವಿ ಬರೆದು ಕಳುಹಿದನು. ವ್ಯಾಖ್ಯಾನಕಾರರಿಗೆ ಇದು ಒಳ್ಳೆಯ ಪಾಠ.

ಜುಲೈ ೯ರಂದು ಮನೆ ಸೇರಿದನು. ೧೪ರಂದು ಕೀಬಲನು ಮಾಡಿದ ಉಪನ್ಯಾಸದಿಂದ ಆಕ್ಸ್‌ಫರ್ಡ್ ಚಳವಳಿ ಆರಂಭವಾಯಿತು. ಇಂಗ್ಲೆಂಡಿನ ಚರ್ಚು ಸರ್ಕಾರದ ಇಲಾಖೆಯಲ್ಲ, ಪ್ರಾಚೀನ ಕ್ರೈಸ್ತಮತದ ಜೀವಂತವಾದ ಶಾಖೆ ಎಂದು ಸ್ಥಾಪಿಸುವುದು ಅದರ ಉದ್ದೇಶ. ೧೮೩೩ರಿಂದ ೧೮೪೧ರವರೆಗೆ ತೊಂಬತ್ತು ಪ್ರಬಂಧಗಳು ಹೊರಬಿದ್ದುವು. ರೋಮಿಗೂ ಪ್ರಾಟೆಸ್ಟಂಟರಿಗೂ ನಡುವಣ ಮಧ್ಯಮಮಾರ್ಗವೇ ತನ್ನ ಚರ್ಚಿನದೆಂದು ನ್ಯೂಮನ್ನನು ಸಾಧಿಸುತ್ತಿದ್ದನು.

ಆ ಸಿದ್ಧಾಂತವು ಕುಸಿದುದು ಎದುರಾಳಿಯ ಏಟಿನಿಂದಲ್ಲ. ೧೮೩೯ರ ಬೇಸಗೆಯಲ್ಲಿ ಐದನೆಯ ಶತಮಾನದ ಒಂದು ಮತವಿವಾದವನ್ನು ಶಾಂತವಾಗಿ ಓದುತ್ತಿದ್ದಾಗ, ಕನ್ನಡಿಯಲ್ಲಿ ಕಂಡಂತೆ ತನ್ನ ಮುಖವು ಅಲ್ಲಿ ಕಂಡುಬಂದಿತು. ಅಂದೂ ಒಂದು ಮಧ್ಯಮಪಕ್ಷವಿದ್ದಿತು. ಅದು ಸಭೆಯಿಂದ ಹೊರಗಾಯಿತು. ರೋಮ್ ಮಾತ್ರ ಅಂದು ನಿಂತಲ್ಲಿಯೇ ಇಂದೂ ನಿಂತಿದ್ದಿತು. ಪ್ರಾಚೀನರನ್ನು ತನ್ನ ಪಕ್ಷಕ್ಕೆ ಸಾಕ್ಷಿಗಳಾಗಿ ಕರೆದವನು, ಅವರ ಸಾಕ್ಷ್ಯವು ಎದುರುಪಕ್ಷಕ್ಕೆ ಹೋಗುತ್ತದೆಂದು ಕಂಡನು.

ಪಾಠಶಾಲೆಯಲ್ಲಿ ವಾದಕಥೆಗಳನ್ನು ಓದಿ ಬೆಳೆದ ನನಗೆ ಇಲ್ಲಿ ಒಂದು ಹೋಲಿಕೆ ಹೊಳೆಯುತ್ತದೆ. ಶಂಕರಾಚಾರ್ಯರಿಗೂ ಮಂಡನಮಿಶ್ರರಿಗೂ ಅನೇಕ ದಿನಗಳ ವಾದ ನಡೆದು, ಸೋತ ಮಂಡನರು ಸಂನ್ಯಾಸವನ್ನು ಸ್ವೀಕರಿಸಿದರೆಂದು ಪ್ರತೀತಿ. ಅಲ್ಲಿ ವಾದಿ, ಪ್ರತಿವಾದಿ, ಮಧ್ಯಸ್ಥೆ ಮೂವರೂ ಬೇರೆಬೇರೆ. ಸೋಲುಗೆಲುವುಗಳು ಎಲ್ಲರಿಗೂ ಕಾಣುವಂತಹವು. ನ್ಯೂಮನ್ನನ ವಾದದಲ್ಲಿ ಮೂವರೂ ಅವನೇ. ೧೮೩೯ರಲ್ಲಿ ಹುಟ್ಟಿದ ಶಂಕೆಯು ತೀರ್ಮಾನವಾಗಲು ಆರು ವರ್ಷ ಹಿಡಿಯಿತು. ಒಂದು ಕ್ಷಣದ ಭಾವಾವೇಶವನ್ನು ನಂಬಬಾರದೆಂದು ಕಾದನು. ೧೮೪೨ರಲ್ಲಿ ಲಿಟ್ಲ್‌ಮೋರ್ ಎಂಬ ಹಳ್ಳಿಯಲ್ಲಿ ಲಾಯದ ಕಟ್ಟಡವನ್ನು ಮನೆಯಾಗಿ ಮಾಡಿಕೊಂಡು ಉಪವಾಸ, ಪ್ರಾರ್ಥನೆ, ಅಧ್ಯಯನಗಳಲ್ಲಿ ತೊಡಗಿದನು. ೧೮೪೩ರಲ್ಲಿ ರೋಮಿನ ಮೇಲೆ ತಾನಾಡಿದ ಕಟುನುಡಿಗಳನ್ನು ಬಹಿರಂಗವಾಗಿ ಹಿಂತೆಗೆದುಕೊಂಡು, ಅದೇ ವರ್ಷ ಸೇಂಟ್ ಮೇರಿಯ ಅಧಿಕಾರವನ್ನು ಬಿಟ್ಟನು. ೧೮೪೫ರ ಅಕ್ಟೋಬರ್ ೮ರ ರಾತ್ರಿ ಮಳೆಯಲ್ಲಿ ತೋಯ್ದು ಬಂದ ಡೊಮಿನಿಕ್ ಎಂಬ ಇಟಲಿಯ ಸಂನ್ಯಾಸಿಯ ಮುಂದೆ ತನ್ನ ಪಾಪನಿವೇದನೆ ಮಾಡಿಕೊಂಡು, ಮರುದಿನ ಕ್ಯಾಥೊಲಿಕನಾದನು.

ಕಿಂಗ್ಸ್ಲಿಯ ಆಪಾದನೆಗೆ ಉತ್ತರವು ಈ ಆರು ವರ್ಷಗಳೇ. ನಿಧಾನವಾಗಿ ಬದಲಾದವನನ್ನು ಲೋಕವು ಕಪಟಿಯೆನ್ನುತ್ತದೆ. ಥಟ್ಟನೆ ಬದಲಾದವನನ್ನು ಚಪಲನೆನ್ನುತ್ತದೆ. ಬದಲಾಗದವನೇ ಪ್ರಾಮಾಣಿಕನೆಂದರೆ ಕಲ್ಲೇ ಪರಮ ಪ್ರಾಮಾಣಿಕವಾಗಬೇಕು. ತಾನು ಯಾವ ದಿನ ಯಾವುದನ್ನು ನಂಬಿದ್ದೆನೋ ಆ ದಿನ ಅದನ್ನೇ ಹೇಳಿದೆನೆಂದು ತೋರಿಸುವುದಷ್ಟೇ ಮನುಷ್ಯನಿಗೆ ಸಾಧ್ಯವಾದ ಸತ್ಯಸಂಧತೆ. ಅದನ್ನು ಅವನು ತೋರಿಸಿದ್ದಾನೆ.

೬

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳುವುದು ವಿಮರ್ಶೆಯ ಧರ್ಮ.

ಮೊದಲನೆಯದು, ಹೇಳದೆ ಬಿಟ್ಟ ಸಂಗತಿಗಳು. ಶ್ರದ್ಧೆ ಮೂಡಿದ ೧೮೧೬ನೆಯ ಇಸವಿಯಲ್ಲಿಯೇ, ಮಾರ್ಚ್ ತಿಂಗಳಿನಲ್ಲಿ, ತಂದೆಯ ಬ್ಯಾಂಕು ಮುಳುಗಿಹೋಗಿತ್ತು. ಸಂಸಾರವು ಚೆದರಿ, ರೋಗದಿಂದ ಬಳಲಿದ ಬಾಲಕನು ರಜೆಯಲ್ಲಿಯೂ ಶಾಲೆಯಲ್ಲಿಯೇ ಉಳಿಯಬೇಕಾಯಿತು. ಮೇಯರ್ಸನ ಸಹವಾಸವು ಒದಗಿದುದು ಅದರಿಂದ. ಆತ್ಮಕಥನದಲ್ಲಿ ಈ ಬ್ಯಾಂಕಿನ ಮಾತೇ ಇಲ್ಲ. ೧೮೨೮ರ ಜನವರಿಯಲ್ಲಿ ಅವನ ಪ್ರೀತಿಯ ಕಿರಿಯ ತಂಗಿ ಮೇರಿ ಒಂದೆರಡು ದಿನಗಳ ಕಾಯಿಲೆಯಿಂದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಗ್ರಂಥದಲ್ಲಿ ಅವಳ ಹೆಸರಿಲ್ಲ. ತನ್ನ ಅನಾರೋಗ್ಯವನ್ನೂ ಈ ಅಗಲಿಕೆಯನ್ನೂ ಎರಡು ಪೆಟ್ಟುಗಳೆಂದು ಕರೆದು, ಬುದ್ಧಿಯ ಗರ್ವದಿಂದ ಅವು ತನ್ನನ್ನು ಎಚ್ಚರಿಸಿದುವೆಂದು ಹೇಳಿ ಸಾಗುತ್ತಾನೆ. ಇದು ಅಭಿಪ್ರಾಯಗಳ ಚರಿತ್ರೆ, ಸಂಸಾರದ ಚರಿತ್ರೆಯಲ್ಲ, ಎಂಬ ಸಮಾಧಾನವುಂಟು. ಆದರೂ ಅಭಿಪ್ರಾಯಗಳು ಪುಸ್ತಕದಿಂದಷ್ಟೇ ಹುಟ್ಟುವುವೆ? ಸಾಲಗಾರರ ಬಾಗಿಲುಬಡಿತದಿಂದಲೂ ತಂಗಿಯ ಸಾವಿನಿಂದಲೂ ಹುಟ್ಟುವುವಲ್ಲವೆ? ಅಂತರಂಗವನ್ನೆಲ್ಲ ಬಿಚ್ಚಿಟ್ಟೆನೆಂಬ ಗ್ರಂಥದಲ್ಲಿ ಮನೆಯ ಬಾಗಿಲು ಮಾತ್ರ ಮುಚ್ಚಿದೆ. ಸಂಕೋಚವಿರಬಹುದು, ಮರ್ಯಾದೆಯೂ ಇರಬಹುದು. ಧ್ವನಿಯನ್ನು ಬಲ್ಲ ಓದುಗನು ಆ ಮೌನವನ್ನೂ ಓದಿಕೊಳ್ಳುತ್ತಾನೆ, ಎಲ್ಲರೂ ಓದಿಕೊಳ್ಳಲಾರರು.

ಎರಡನೆಯದು, ಕೊನೆಯ ಅಧ್ಯಾಯ. ೧೮೪೫ರ ಮೇಲೆ ತನಗೆ ಹೇಳತಕ್ಕ ಅಭಿಪ್ರಾಯಚರಿತ್ರೆಯೇ ಇಲ್ಲ, ಬಿರುಸಾದ ಕಡಲಿನಿಂದ ರೇವಿಗೆ ಬಂದಂತಾಯಿತು, ಎಂದು ಹೇಳಿ ಅವನು ಮತಸಮರ್ಥನೆಗೆ ತೊಡಗುತ್ತಾನೆ. ಅಲ್ಲಿಂದ ಮುಂದೆ ಮಾತನಾಡುವವನು 'ನಾನು' ಅಲ್ಲ, ಒಂದು ಸಂಸ್ಥೆಯ ವಕೀಲ. ನಲವತ್ತೈದು ವರ್ಷ ವಯಸ್ಸಿನ, ದೇಶಪ್ರಸಿದ್ಧನಾದ ಪಂಡಿತನು ರೋಮಿನಲ್ಲಿ ಹುಡುಗರ ನಡುವೆ ವಿದ್ಯಾರ್ಥಿಯಾಗಿ ಕುಳಿತು ೧೮೪೭ರ ಮೇ ೩೦ರಂದು ಯಾಜಕದೀಕ್ಷೆ ಪಡೆದ ಕಥೆಯನ್ನು ಅವನೇ ಹೇಳಿದ್ದರೆ ಎಷ್ಟು ಸೊಗಸಾಗುತ್ತಿತ್ತು! ಬರ್ಮಿಂಗ್‌ಹ್ಯಾಮಿನ ಬಡವರ ನಡುವೆ ಮಾಡಿದ ಸೇವೆಯ ಕಥೆಯೂ ಇಲ್ಲ. ಆದರೆ ಈ ದೋಷದಿಂದಲೇ ಗ್ರಂಥದ ನಿಜವಾದ ಅಭಿಪ್ರಾಯವು ಹೊರಪಡುತ್ತದೆ. ಆ ಪಾದ್ರಿಯು ರೂಪುಗೊಂಡುದು ರೋಮಿನ ಪಾಠಶಾಲೆಯಲ್ಲಿ ಅಲ್ಲ. ಅವನನ್ನು ರೂಪಿಸಿದವರು ಮೇಯರ್ಸ್, ವೇಟ್ಲಿ, ಕೀಬಲ್, ಫ್ರೂಡ್. ಅವರಲ್ಲಿ ಒಬ್ಬನೂ ಕ್ಯಾಥೊಲಿಕನಲ್ಲ.

ಈ ಅಂಶವನ್ನು ಅವನ ತಮ್ಮ ಫ್ರಾನ್ಸಿಸನ ಗ್ರಂಥದೊಡನೆ ಹೋಲಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದೇ ಮನೆ, ಒಂದೇ ಶಾಲೆ, ಯೌವನದಲ್ಲಿ ಒಂದೇ ಬಗೆಯ ಭಕ್ತಿ. ಆದರೆ ತಮ್ಮನು ಕ್ರೈಸ್ತಮತದ ಸಾಂಪ್ರದಾಯಿಕ ತತ್ತ್ವಗಳನ್ನು ಒಂದೊಂದಾಗಿ ಬಿಡುತ್ತ ಹೋಗಿ, ಆ ಚರಿತ್ರೆಯನ್ನು ೧೮೫೦ರಲ್ಲಿ ‘ಫೇಸಸ್ ಆಫ್ ಫೇತ್’ ಎಂಬ ಹೆಸರಿನಿಂದ ಪ್ರಕಟಿಸಿದನು. ಅವನೂ ಪ್ರಾಮಾಣಿಕನೇ. ತಮ್ಮನ ಪುಸ್ತಕದಲ್ಲಿ ಮುಂದೆ ನಿಲ್ಲುವುದು ಏನನ್ನು ಬಿಟ್ಟೆನೆಂಬುದು. ಅಣ್ಣನ ಪುಸ್ತಕದಲ್ಲಿ ಯಾರಿಂದ ಏನನ್ನು ಪಡೆದೆನೆಂಬುದು. ಬುದ್ಧಿಯ ಧೈರ್ಯದಲ್ಲಿ ತಮ್ಮನು ಕಡಿಮೆಯಲ್ಲ. ಓದಿದ ಮೇಲೆ ಮನಸ್ಸಿನಲ್ಲಿ ನಿಲ್ಲುವವನು ಅಣ್ಣ. ಏಕೆಂದರೆ ಅವನೊಡನೆ ಒಂದು ಊರೇ ನಮ್ಮ ಮನೆಗೆ ಬಂದಿರುತ್ತದೆ.

೭

ಗ್ರಂಥದ ಅಂಗಿರಸವು ಶಾಂತವೆಂದು ಮೇಲೆ ಸೂಚಿಸಿದೆನು. ಅದಕ್ಕೆ ಅಂಗವಾಗಿ ನಿಂತಿರುವುದು ಕರುಣ. ೧೮೪೬ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡನ್ನು ಬಿಟ್ಟ ದಿನಗಳನ್ನು ಹೇಳುವ ಪುಟವು ಇದಕ್ಕೆ ಪ್ರಮಾಣ. ಬೀಳ್ಕೊಡಲು ಬಂದ ಸ್ನೇಹಿತರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ, ವಿಶೇಷಣಗಳಿಲ್ಲ. ಮೊದಲ ಕಾಲೇಜಿನಲ್ಲಿ ತನ್ನ ಕೋಣೆಯ ಎದುರಿನ ಗೋಡೆಯ ಮೇಲೆ ಬೆಳೆಯುತ್ತಿದ್ದ ಒಂದು ಬಗೆಯ ಕಾಡುಹೂವನ್ನು ನೆನೆಯುತ್ತಾನೆ. ಅದನ್ನು ನೋಡಿ, ತಾನೂ ಸಾಯುವವರೆಗೆ ಅಲ್ಲಿಯೇ ಬೇರೂರಿರುವೆನೆಂದು ಬಾಲಕನಾಗಿ ಎಣಿಸಿದ್ದನಂತೆ. ಅಂದಿನಿಂದ ಆ ಊರನ್ನು ಕಂಡಿಲ್ಲ, ರೈಲುಗಾಡಿಯಿಂದ ಗೋಪುರದ ತುದಿಗಳನ್ನು ಕಂಡುದಷ್ಟೇ ಎಂದು ನಿಲ್ಲಿಸುತ್ತಾನೆ. ಮತಾಂತರದ ವಿಷಯದಲ್ಲಿ ಓದುಗನ ಅಭಿಪ್ರಾಯವು ಏನೇ ಇರಲಿ, ಈ ಪುಟವನ್ನು ಓದಿ ಅವನನ್ನು ಸುಳ್ಳುಗಾರನೆನ್ನಲು ನಾಲಗೆ ಏಳದು. ಇಂಗ್ಲೆಂಡಿನ ಜನರಿಗೂ ಏಳಲಿಲ್ಲ.

ತರುವಾಯದ ಸಂಗತಿಗಳನ್ನು ಸಂಗ್ರಹವಾಗಿ ಹೇಳಬಹುದು. ೧೮೭೭ರಲ್ಲಿ ಟ್ರಿನಿಟಿ ಕಾಲೇಜು ಅವನನ್ನು ಗೌರವ ಫೆಲೋ ಆಗಿ ಕರೆಯಿತು; ಮರುವರ್ಷ, ಮೂವತ್ತೆರಡು ವರ್ಷಗಳ ಮೇಲೆ, ಆಕ್ಸ್‌ಫರ್ಡನ್ನು ಮತ್ತೆ ಕಂಡನು. ೧೮೭೯ರಲ್ಲಿ ಕಾರ್ಡಿನಲ್ ಪದವಿ ಬಂದಿತು. ೧೮೯೦ರ ಆಗಸ್ಟ್ ೧೧ರಂದು ಕಾಲವಾದನು. ೨೦೧೯ರಲ್ಲಿ ರೋಮಿನ ಚರ್ಚು ಅವನನ್ನು ಸಂತನೆಂದು ಘೋಷಿಸಿತು.

ಸಂತಪದವಿಯ ವಿಚಾರವು ಆ ಮತದವರಿಗೆ ಸೇರಿದ್ದು. ಸಾಹಿತ್ಯಪ್ರಿಯರಾದ ನಮಗೆ ಸೇರಿದ್ದು ಈ ಗ್ರಂಥ ಮತ್ತು ಆ ಗೀತ. ಇನ್ನು ಮುಂದೆ ನಮ್ಮ ಮನೆಗಳಲ್ಲಿ ಮಕ್ಕಳು ‘ಕರುಣಾಳು ಬಾ ಬೆಳಕೆ’ ಎಂದು ಹಾಡುವಾಗ, ಇದು ಬೆಳಕನ್ನು ಕಂಡಾದ ಪಾದ್ರಿಯೊಬ್ಬನ ಹಾಡೆಂದು ಯಾರೂ ಹೇಳದಿರಲಿ. ಗಾಳಿಯಿಲ್ಲದೆ ನಿಂತ ಹಣ್ಣಿನ ದೋಣಿಯಲ್ಲಿ, ಕಾಯಿಲೆಯಿಂದ ಎದ್ದ ಒಬ್ಬ ತರುಣನು, ತಾನು ಎಲ್ಲಿಗೆ ಸೇರುವೆನೆಂದು ತಿಳಿಯದೆ ಬರೆದುದು ಎಂದು ಹೇಳಿಕೊಡಲಿ. ನಾನು ಹೇಳಿಕೊಟ್ಟ ಮಕ್ಕಳು ಈಗ ತಂದೆತಾಯಿಗಳಾಗಿದ್ದಾರೆ. ಅವರಲ್ಲಿ ಯಾರಾದರೂ ಈ ಪತ್ರಿಕೆಯನ್ನು ಓದುವವರಿದ್ದರೆ, ಹಳೆಯ ಉಪಾಧ್ಯಾಯನ ಈ ತಿದ್ದುಪಡಿಯನ್ನು ಅಂಗೀಕರಿಸಬೇಕೆಂದು ಬೇಡುತ್ತೇನೆ.